ಕಾರಣದಲ್ಲಿ ಯಾರ ಪಾಲೆಷ್ಟು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬ್ಯಾಂಕು, ರೈಲ್ವೆ, ಸಿಮೆಂಟ್ ಫ್ಯಾಕ್ಟರಿ ಅಂತ ಅರ್ಜಿ ಹಾಕುವವರು ಇಂಗ್ಲಿಷಿನ ಒಂದು ಪದವನ್ನು ಗಟ್ಟಿ ಮಾಡಿಕೊಳ್ಳಬೇಕು: ‘ಕಾಂಟ್ರಿಬ್ಯೂಟ್’. ಪಟ್ಟಿ ಕೊಡುವುದು, ದೇಣಿಗೆ ಹಾಕುವುದು ಎನ್ನುವ ಅರ್ಥ ಎಲ್ಲರಿಗೂ ಗೊತ್ತು. ಪ್ರಬಂಧ, ಅಪಘಾತದ ವರದಿ, ಕೋರ್ಟಿನ ತೀರ್ಪುಗಳಲ್ಲಿ ಅದು ಬೇರೆ ಕೆಲಸ ಮಾಡುತ್ತದೆ: ಆದದ್ದಕ್ಕೆ ಹಲವು ಕಾರಣಗಳಿವೆ, ಇದು ಅವುಗಳಲ್ಲಿ ಒಂದು.

1. ‘ಕಾಸ್’ (ಕಾರಣ) ಎಂದು ಬರೆಯುವ ಮೊದಲು, ಇದೊಂದೇ ಸಾಕಿತ್ತೇ ಎಂದು ಕೇಳಿಕೊಳ್ಳಿ. ಸುಣ್ಣದಕಲ್ಲು ಇತ್ತು, ಅದಕ್ಕೇ ಸಿಮೆಂಟ್ ಬಂತು ಎನ್ನುವುದು ಅರ್ಧ ಉತ್ತರ. ಆ ಕಲ್ಲು ನಮ್ಮ ನೆಲದಡಿ ಮೊದಲಿನಿಂದಲೂ ಇತ್ತು. ಮುಂಬೈ–ಮದ್ರಾಸು ಹಳಿ ಈ ಸೀಮೆಯನ್ನು ಹಾದು ಹೋಯಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಕಾಗಿಣಾ ಹೊಳೆಯ ನೀರೂ ಹತ್ತಿರ. ವಾಡಿಯಲ್ಲಿ ಎಸಿಸಿ ಫ್ಯಾಕ್ಟರಿ ಎದ್ದದ್ದು 1968ರಲ್ಲಿ. ಕಲ್ಲು, ಹಳಿ, ನೀರು ಮೂರೂ ‘ಕಾಂಟ್ರಿಬ್ಯೂಟ್’ ಮಾಡಿದವು.

2. ‘ಕಾಂಟ್ರಿಬ್ಯೂಟ್’ ಆದಮೇಲೆ ‘ಟು’ ಬರಬೇಕು, ‘ಫಾರ್’ ಅಲ್ಲ. ಕನ್ನಡದ ‘ಕ್ಕೆ’ ಎರಡಕ್ಕೂ ಹೊಂದುವುದರಿಂದ ಕೈ ತಪ್ಪುತ್ತದೆ. ‘ಟು’ ಆದಮೇಲೆ ಕ್ರಿಯಾಪದ ಬಂದರೆ ‘ಇಂಗ್’ ಹಚ್ಚಿ.

3. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇದು ನಡೆಯುತ್ತದೆ. ಆದರೆ ‘ಸೋಲ್‌ಲಿ ಕಾಂಟ್ರಿಬ್ಯೂಟೆಡ್’ ಅಂತ ಮಾತ್ರ ಬರೆಯಬೇಡಿ. ಪೂರ್ತಿ ತಾನೇ ಕಾರಣವಾದದ್ದಕ್ಕೆ ಪಾಲಿನ ಲೆಕ್ಕ ಎಲ್ಲಿಯದು?

4. ಕಾರಣಗಳನ್ನು ಹೊಲಕ್ಕೆ ಇಳಿದು ನೋಡಿ. 2022ರ ಹಂಗಾಮಿನಲ್ಲಿ ನೆಟೆ ರೋಗ ನಮ್ಮ ಕಲಬುರಗಿ ಜಿಲ್ಲೆಯ ತೊಗರಿಯನ್ನು ಒಣಗಿಸಿತು. 2019ರಲ್ಲಷ್ಟೇ ಭೌಗೋಳಿಕ ಗುರುತು ಪಡೆದ ತೊಗರಿ ಅದು. ಹೂವು, ಕಾಯಿ ಹಿಡಿಯುವ ಹೊತ್ತಿಗೆ ನಿಂತ ಗಿಡ ನಿಂತಂತೆಯೇ ಬಾಡುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ರೋಗ ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ. ಹಾಗಾದರೆ ಬದುವಿನ ಆಚೆಯ ಹೊಲ ಯಾಕೆ ಉಳಿಯಿತು? ವರ್ಷಾ ವರ್ಷಾ ಅದೇ ಹೊಲಕ್ಕೆ ತೊಗರಿಯನ್ನೇ ಬಿತ್ತಿದ್ದು, ರೋಗ ತಡೆಯದ ತಳಿ, ಬೀಜೋಪಚಾರ ಬಿಟ್ಟಿದ್ದು, ಇವೆಲ್ಲ ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತವೆ. ಅದಿಲ್ಲದೆ ರೋಗವೇ ಇಲ್ಲ, ಹಾಗಾಗಿ ಶಿಲೀಂಧ್ರ ‘ಕಾಸ್’, ಉಳಿದವು ‘ಕಾಂಟ್ರಿಬ್ಯೂಟಿಂಗ್ ಫ್ಯಾಕ್ಟರ್’. ಮಣ್ಣಿನೊಳಗೆ ಕೂತ ಶಿಲೀಂಧ್ರವನ್ನು ಪೂರ್ತಿ ತೆಗೆಯಲು ರೈತನಿಗೆ ಆಗುವುದಿಲ್ಲ, ಬೆಳೆ ಬದಲಿಸಬಹುದು. ಕೃಷಿ ಇಲಾಖೆಯ ಹುದ್ದೆಗೆ ಉತ್ತರ ಬರೆಯುವವರು ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಇಡಿ.

5. ತಪ್ಪು ಮಾಡಿದ್ದಕ್ಕೂ ಕಾರಣವಾದದ್ದಕ್ಕೂ ನಡುವಿನ ಅಂತರ ತಿಳಿದುಕೊಳ್ಳಿ. ಸಿಮೆಂಟ್ ಲಾರಿಗಳ ದಾರಿಯಲ್ಲಿ ಬೈಕ್ ಓಡಿಸುವ ನಮ್ಮವರಿಗೆ ಇದು ಪರೀಕ್ಷೆಯಾಚೆಗೂ ಬೇಕು. ಅಪಘಾತದ ಪರಿಹಾರ ಕೇಳಿದಾಗ ಎದುರಿನ ವಕೀಲರು ಎತ್ತುವ ಮಾತು ‘ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್’: ಗಾಯಗೊಂಡವನದೂ ಪಾಲಿದೆ, ಅಷ್ಟು ಹಣ ಕಡಿಯಿರಿ. ಒಂದು ಪ್ರಕರಣದಲ್ಲಿ ಬೈಕಿನ ಮೇಲೆ ಮೂವರಿದ್ದರು, ಹಿಂದಿನಿಂದ ಕಾರು ಗುದ್ದಿತು. ಮೂವರು ಕೂತದ್ದು ಕಾನೂನಿನ ಪ್ರಕಾರ ತಪ್ಪೇ. ದೆಹಲಿ ಹೈಕೋರ್ಟ್ ಶೇ 10 ಕಡಿದಿತ್ತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಆ ತಪ್ಪು ಅಪಘಾತಕ್ಕೋ ಗಾಯದ ತೀವ್ರತೆಗೋ ಕಾರಣವಾಯಿತೆಂದು ತೋರಿಸದೆ ಪಾಲು ಹೊರಿಸುವಂತಿಲ್ಲ ಎಂದಿತು. ಇಡೀ ಪದದ ಜೀವ ಈ ತೀರ್ಪಿನಲ್ಲಿದೆ. (ಮೂವರು ಕೂಡಬಹುದು ಅಂತ ಓದಿಕೊಳ್ಳಬೇಡಿ, ದಂಡ ಇದ್ದೇ ಇದೆ.)

6. ಫ್ಯಾಕ್ಟರಿಯ ಅಪಘಾತ ವರದಿಯಲ್ಲಿ ‘ಕಾರ್ಮಿಕನ ನಿಷ್ಕಾಳಜಿ’ ಎಂದು ಒಂದೇ ಗೆರೆ ಗೀಚಿ ಸಹಿ ಹಾಕಬೇಡಿ. ಬೆಳಕು ಇತ್ತೇ, ಯಂತ್ರಕ್ಕೆ ಗಾರ್ಡ್ ಇತ್ತೇ, ಅದು ಎಷ್ಟನೇ ಪಾಳಿ? ಅವಕ್ಕೂ ಜಾಗ ಕೊಡಿ.

7. ಹಿಂದುಳಿದಿರುವಿಕೆಯ ಬಗ್ಗೆ ಪ್ರಬಂಧ ಬಂದರೆ ಒಬ್ಬ ಖಳನಾಯಕನನ್ನು ಹುಡುಕಬೇಡಿ. 2002ರ ನಂಜುಂಡಪ್ಪ ಸಮಿತಿ ವರದಿ 35 ಸೂಚಕಗಳನ್ನು ಕೂಡಿಸಿ ತಾಲ್ಲೂಕುಗಳನ್ನು ಅಳೆಯಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅತ್ಯಂತ ಹಿಂದುಳಿದ ಪಟ್ಟಿಗೆ ಬಿದ್ದವು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಗೆ ನಿಂತಾಗ ಕೆಲವರು ಮೇಷ್ಟ್ರನ್ನು ಬೈದರು, ಕೆಲವರು ಮೊಬೈಲನ್ನು. ಖಾಲಿ ಹುದ್ದೆ, ಗುಳೆ, ಹಂಗಾಮಿನಲ್ಲಿ ಶಾಲೆ ತಪ್ಪುವ ಮಕ್ಕಳು, ಎಲ್ಲವನ್ನೂ ಬರೆಯಿರಿ. ಯಾವುದು ದೊಡ್ಡದು ಎಂದು ಹೇಳುವ ಆಧಾರ ಇದ್ದರೆ ‘ಮೇನ್‌ಲಿ’, ಇಲ್ಲದಿದ್ದರೆ ‘ಪಾರ್ಟ್‌ಲಿ’.

8. ಸಂದರ್ಶನದಲ್ಲಿ ‘ನಿಮ್ಮ ಕಾಂಟ್ರಿಬ್ಯೂಷನ್ ಏನು’ ಎಂದರೆ ‘ನಾವು ಮಾಡಿದೆವು’ ಎನ್ನಬೇಡಿ, ‘ಎಲ್ಲ ನಾನೇ’ ಎಂದೂ ಬೇಡ. ತಂಡ ಮಾಡಿದ್ದು ಒಂದು ವಾಕ್ಯ, ನಿಮ್ಮ ಕೈ ಆಡಿದ್ದು ಎರಡು ವಾಕ್ಯ. ನಮ್ಮ ಸೀಮೆಯವರಿಗೆ ಇರುವ 371(ಜೆ) ಮೀಸಲಾತಿಯಲ್ಲಿ ಕೆಲಸ ಸಿಕ್ಕವರಿಗೂ ಇದೇ ಲೆಕ್ಕ. ‘ಸರ್ಟಿಫಿಕೇಟ್ ಇತ್ತು, ಅದಕ್ಕೇ ಸಿಕ್ತು’ ಎಂದು ಯಾರಾದರೂ ಅಂದರೆ, ಅದೇ ಸರ್ಟಿಫಿಕೇಟ್ ಹಿಡಿದು ಸಾಲಿನಲ್ಲಿ ಇನ್ನೂ ಎಷ್ಟು ಮಂದಿ ನಿಂತಿದ್ದರು ಎಂದು ಅವರನ್ನೇ ಕೇಳಿ.