ಕವಣೆ ಕೆಳಗಿಡಿ

ಬರೆಯುವ ಹಂಬಲ ಹೊತ್ತ ತಮ್ಮಂದಿರೇ, ತಂಗಿಯರೇ,

ಸಂಜೆ ಹೊತ್ತು ಶರಣಬಸವೇಶ್ವರ ಗುಡಿಯ ಅಂಗಳದಲ್ಲಿ ಸಿಕ್ಕಾಗ ನಿಮ್ಮಲ್ಲಿ ಬಹಳ ಮಂದಿ ಹೇಳುವ ಮಾತು ಒಂದೇ: “ಎಷ್ಟೊತ್ತು ಕುಂತರೂ ಏನೂ ಹೊಳೆಯಂಗಿಲ್ಲರಿ.” ಹಾಳೆ ಮುಂದಿಟ್ಟುಕೊಂಡು ಕೂರುತ್ತೀರಿ, ಒಂದು ಸಾಲು ಬರೆಯುತ್ತೀರಿ, ಅದನ್ನು ಹೊಡೆದು ಹಾಕುತ್ತೀರಿ, ಬೇಸರಪಟ್ಟು ಏಳುತ್ತೀರಿ. ಆದರೆ ಅದೇ ನೀವು ರಾತ್ರಿ ಬಿದ್ದ ಕನಸನ್ನು ಗೆಳೆಯರಿಗೆ ಹೇಳುವಾಗ ಎಲ್ಲಿಯೂ ತಡವರಿಸುವುದಿಲ್ಲ. ತೀರಿಹೋದವರು ಬಂದು ಊಟಕ್ಕೆ ಕೂರುತ್ತಾರೆ, ಅಡುಗೆಮನೆಯ ಬಾಗಿಲು ತೆರೆದರೆ ತೊಗರಿ ಹೊಲ ಕಾಣುತ್ತದೆ, ಕೇಳುವವರು ಚಹಾ ಮರೆತು ಕೂರುತ್ತಾರೆ. ಹೊಳೆಯುವ ಶಕ್ತಿ ನಿಮ್ಮಲ್ಲಿದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ. ಅದು ಬಂದು ಹೋಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಪೆನ್ನು ಇರುವುದಿಲ್ಲ, ಅಷ್ಟೇ.

ಕನಸಿನಿಂದ ಬರೆಯುವುದು ಹೊರಗಿನಿಂದ ಬಂದ ಹೊಸ ವಿದ್ಯೆ ಎಂದು ತಿಳಿಯಬೇಡಿ. ನಮ್ಮ ಮಣ್ಣಿನಲ್ಲಿ ಅದು ಬಲು ಹಳೆಯದು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲೇ ‘ಕವಿರಾಜಮಾರ್ಗ’ ಕನ್ನಡದ ಜನರ ಬಗ್ಗೆ ಒಂದು ಮಾತು ಹೇಳಿತು: ಪಟ್ಟು ಹಿಡಿದು ಓದದವರೂ ಇಲ್ಲಿ ಕಾವ್ಯದ ಬಳಕೆಯಲ್ಲಿ ಪಳಗಿದವರು ಎಂದು. ಕನಸಿನ ವಿಷಯಕ್ಕೇ ಬಂದರೆ, ಕಲ್ಯಾಣದ ಕಾಲದ ಅಕ್ಕಮಹಾದೇವಿ ತಾನು ಕಂಡ ಕನಸನ್ನೇ ಗೆಳತಿಗೆ ಹೇಳುವ ವಚನ ಬರೆದಳು. ಮಂಗಳಕಾರ್ಯದ ಪದಾರ್ಥಗಳು, ಭಿಕ್ಷೆಗೆ ಬಂದ ಜಡೆಯ ಗೊರವ, ಅವನ ಹಿಂದೆ ಹೋಗುವ ಹೆಣ್ಣು, ಎಲ್ಲವೂ ಆ ಕನಸಿನಲ್ಲಿವೆ. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳಲ್ಲಿ ಹಗಲಿನ ಲೆಕ್ಕ ನಡೆಯುವುದೇ ಇಲ್ಲ. ನಮ್ಮ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರನ್ನು ಕೇಳಿ. ಅರ್ಧರಾತ್ರಿ ದಾಟಿದ ಮೇಲೆ, ಒಂದೇ ಪಲ್ಲವಿ ಮತ್ತೆ ಮತ್ತೆ ತಿರುಗುವಾಗ, ಹಾಡುವವರ ಕಣ್ಣು ಅರೆಮುಚ್ಚಿರುತ್ತದೆ. ನಿದ್ದೆಯೂ ಅಲ್ಲ, ಪೂರ್ಣ ಎಚ್ಚರವೂ ಅಲ್ಲ. ನಾನು ಹೇಳುವ ಜಾಗ ಅದೇ.

ಆ ಜಾಗಕ್ಕೆ ಹೋಗಲು ಅಡ್ಡಿ ಯಾವುದು? ನಮ್ಮದೇ ತೀರ್ಪು. ಶರಣಬಸವಪ್ಪನ ಕಥೆಯೊಂದು ನಿಮಗೆಲ್ಲ ಗೊತ್ತಿರಬೇಕು. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವರು ಕಲಬುರಗಿಗೆ ಬಂದು ದಾಸೋಹಕ್ಕೆ ಹೆಸರಾಗುವ ಮೊದಲು ಒಕ್ಕಲುತನ ಮಾಡಿದವರು. ಜೋಳ ಕಾಳುಗಟ್ಟಿದಾಗ ಬೇರೆಯವರು ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದರೆ, ಇವರು ಹಕ್ಕಿಗಳಿಗೆ ಕುಡಿಯಲು ನೀರಿಟ್ಟು ಸುಮ್ಮನೆ ಕೂತರಂತೆ. ರಾಶಿ ಮಾಡಿದಾಗ ಬೆಳೆ ಕಡಿಮೆಯಾಗಿರಲಿಲ್ಲ ಎಂದು ಭಕ್ತರು ಹೇಳುತ್ತಾರೆ. ಬರೆಯುವವರು ಮೊದಲ ಹೊತ್ತಿನಲ್ಲಿ ಮಾಡಬೇಕಾದ್ದು ಇದನ್ನೇ. ಚಿತ್ರವೊಂದು ಮನಸ್ಸಿಗೆ ಬಂದು ಕೂರುವ ಮೊದಲೇ ‘ಇದು ಹಳೆಯದು, ಇದಕ್ಕೆ ಅರ್ಥವಿಲ್ಲ, ಜನ ಏನಂದಾರು’ ಎಂದು ನೀವು ಕವಣೆ ಬೀಸುತ್ತೀರಿ. ಕೆಳಗಿಡಿ ಅದನ್ನು. ಬಂದದ್ದೆಲ್ಲ ಬರಲಿ. ರಾಶಿ ಮಾಡುವ, ಜೊಳ್ಳು ತೂರುವ ದಿನ ಬೇರೆ ಇದೆ.

ಇನ್ನು ಮಾಡುವ ಬಗೆ ಹೇಳುತ್ತೇನೆ.

ಬೆಳಿಗ್ಗೆ ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸಬೇಡಿ, ಕಣ್ಣನ್ನೂ ತೆರೆಯಬೇಡಿ. ಕನಸಿನ ಕೊನೆಯ ತುಣುಕು ಮಾತ್ರ ಕೈಗೆ ಸಿಗುತ್ತದೆ. ಅದನ್ನು ಹಿಡಿದು ಹಿಂದೆ ಹಿಂದೆ ಹೋಗಿ. ಆಮೇಲೆ ದಿಂಬಿನ ಪಕ್ಕದ ನೋಟ್‌ಬುಕ್ಕಿನಲ್ಲಿ ಕಂಡಷ್ಟನ್ನು ಕಂಡ ಹಾಗೆಯೇ ಗೀಚಿ. ಮೊದಲು ಮೊಬೈಲ್ ನೋಡಿದಿರೋ ಮುಗಿಯಿತು, ಊರಿನವರ ಮಾತೆಲ್ಲ ತಲೆಗೆ ನುಗ್ಗಿ ನಿಮ್ಮದು ಹೊರಗೆ ಹೋಗುತ್ತದೆ. ಫೋನ್ ಬೇರೆ ಕೋಣೆಯಲ್ಲಿ ಮಲಗಲಿ. ಕನಸು ನೆನಪಾಗದ ದಿನವೂ ಬಿಡಬೇಡಿ, ಅರ್ಧ ಗಂಟೆ ಮೊದಲೇ ಎದ್ದು ತೋಚಿದ್ದನ್ನು ನಿಲ್ಲಿಸದೆ ಬರೆಯಿರಿ. ಅಮೆರಿಕದ ಡೊರೊಥಿಯಾ ಬ್ರಾಂಡ್ 1934ರಲ್ಲಿ ಹೊಸ ಲೇಖಕರಿಗೆಂದೇ ಬರೆದ ಪುಸ್ತಕದಲ್ಲಿ, ಮಾತಾಡುವ ಮೊದಲು, ಪೇಪರ್ ಓದುವ ಮೊದಲು ಬರೆಯಿರಿ ಎಂದಿದ್ದಾರೆ. ಅದಕ್ಕೂ ಸಾವಿರ ವರ್ಷ ಹಿಂದೆ ರಾಜಶೇಖರನ ‘ಕಾವ್ಯಮೀಮಾಂಸೆ’ ಕವಿಯ ದಿನಚರಿ ಹೇಳುವಾಗ ರಾತ್ರಿಯ ಕೊನೆಯ ಜಾವದಲ್ಲಿ ಏಳಬೇಕೆಂದಿತ್ತು, ಆಗ ಮನಸ್ಸು ತಿಳಿಯಾಗಿರುತ್ತದೆ ಎಂದು.

ಮಧ್ಯಾಹ್ನದ ಜೋಂಪಿನಲ್ಲೂ ನಿದ್ದೆ-ಎಚ್ಚರಗಳ ನಡುವಿನ ಈ ಹೊಸ್ತಿಲು ಸಿಗುತ್ತದೆ. ನಮ್ಮ ಬೇಸಿಗೆಯಲ್ಲಿ ಜೋಂಪಿಗೆ ಕೊರತೆಯಿಲ್ಲವಲ್ಲ. ಕುರ್ಚಿಯಲ್ಲಿ ಒರಗಿ, ಕೈಯಲ್ಲಿ ಕೀಲಿಕೈ ಗೊಂಚಲು ಹಿಡಿದು, ಕೆಳಗೊಂದು ಸ್ಟೀಲ್ ತಾಟು ಇಡಿ. ನಿದ್ದೆ ಹತ್ತಿದ ಕ್ಷಣ ಬೆರಳು ಸಡಿಲವಾಗಿ ಗೊಂಚಲು ಬೀಳುತ್ತದೆ, ಸದ್ದಿಗೆ ಎಚ್ಚರವಾಗುತ್ತದೆ, ಆ ಕ್ಷಣದಲ್ಲಿ ಕಂಡದ್ದನ್ನು ಬರೆದುಕೊಳ್ಳಿ. ಚಿತ್ರಕಾರ ಡಾಲಿ ಕಲಿಸಿದ ಉಪಾಯವಿದು. ಪ್ಯಾರಿಸ್ಸಿನ ಸಂಶೋಧಕರು ಇಂಥದ್ದನ್ನೇ ಪರೀಕ್ಷೆಗೆ ಒಡ್ಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಗುಟ್ಟಾದ ಸೂತ್ರವೊಂದು ಅಡಗಿದ್ದ ಲೆಕ್ಕಗಳನ್ನು ಕೊಟ್ಟು, ನಡುವೆ ವಿಶ್ರಾಂತಿ ಕೊಟ್ಟಿದ್ದರು. ನಿದ್ದೆಯ ಮೊದಲ ಹಂತದಲ್ಲಿ 15 ಸೆಕೆಂಡಾದರೂ ಇದ್ದವರಲ್ಲಿ ಶೇ. 83 ಮಂದಿಗೆ ಸೂತ್ರ ಹೊಳೆಯಿತು. ಎಚ್ಚರವೇ ಇದ್ದವರಲ್ಲಿ ಶೇ. 30, ಮೊದಲ ಹಂತ ದಾಟಿ ಇನ್ನೂ ಆಳದ ನಿದ್ದೆಗೆ ಜಾರಿದವರಲ್ಲಿ ಶೇ. 14 ಮಂದಿಗೆ ಮಾತ್ರ. ಅವರು ಅಳೆದದ್ದು ಲೆಕ್ಕದ ಹೊಳಹನ್ನು, ಕವಿತೆಯನ್ನಲ್ಲ. ಆದರೂ ಹೊಸ್ತಿಲಿನಲ್ಲಿ ನಿಲ್ಲುವುದರಲ್ಲಿ ಏನೋ ಇದೆ ಎನ್ನುವುದು ಅಲ್ಲಿ ಕಾಣುತ್ತದೆ.

ಸಿಕ್ಕ ಚಿತ್ರವನ್ನು ಏನು ಮಾಡಬೇಕು? ಹೀಗೊಂದು ಕನಸು ಬಿತ್ತು ಎಂದುಕೊಳ್ಳಿ: ಅಜ್ಜಿ ರೊಟ್ಟಿ ಬಡಿಯುತ್ತಿದ್ದಾಳೆ. ಪರಾತದಲ್ಲಿ ಹಿಟ್ಟಿಲ್ಲ, ನೀರಿದೆ. ನೀರನ್ನೇ ತಟ್ಟುತ್ತಿದ್ದಾಳೆ, ಆದರೆ ಓಣಿಗೆ ಕೇಳುವುದು ರೊಟ್ಟಿಯದೇ ಸದ್ದು. ಎದ್ದ ಕೂಡಲೇ ‘ಇದು ಬಡತನದ ಸಂಕೇತ’ ಎಂದು ಬರೆದರೆ ಕನಸು ಅಲ್ಲಿಗೇ ಸತ್ತಿತು. ಅರ್ಥ ಹೇಳಬೇಡಿ, ಪ್ರಶ್ನೆ ಕೇಳಿ. ಆ ಸದ್ದು ಯಾರಿಗೆ ಕೇಳಲಿ ಎಂದು ಅಜ್ಜಿ ಬಡಿಯುತ್ತಿದ್ದಾಳೆ? ಮಗ್ಗುಲ ಮನೆಯವರಿಗಾ, ಹಸಿದು ಮಲಗಿದ ಮಕ್ಕಳಿಗಾ? ಒಲೆ ಹೊತ್ತಿದೆಯೋ ಇಲ್ಲವೋ? ಇದು 1972ರ ಬರದ ವರ್ಷವೇ? ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಮಾನ ಕಾಯಲು ಸದ್ದು ಮಾಡುವ ಹೆಂಗಸೊಬ್ಬಳು ನಿಮ್ಮ ಮುಂದೆ ಬಂದು ನಿಲ್ಲುತ್ತಾಳೆ. ಯೋಚನೆ ಮಾಡಿ ಮಾಡಿ ನೀವು ಅವಳನ್ನು ಕಟ್ಟಲಾರಿರಿ. ಕನಸು ಕೊಟ್ಟಿತು, ನೀವು ಗುರುತು ಹಿಡಿದಿರಿ.

ಇಲ್ಲಿಂದ ಮುಂದೆ ಪೂರಾ ಎಚ್ಚರ ಬೇಕು. ಕನಸು ನಿಮಗೆ ಚಿತ್ರ ಕೊಡುತ್ತದೆ, ಬರಹ ಕೊಡುವುದಿಲ್ಲ. ‘ಜೆಕಿಲ್ ಅಂಡ್ ಹೈಡ್’ ಕಥೆಯ ಮುಖ್ಯ ದೃಶ್ಯಗಳು ತನಗೆ ಕನಸಿನಲ್ಲಿ ಬಂದವು ಎಂದು ಸ್ಟೀವನ್ಸನ್ ಹೇಳಿಕೊಂಡ. ಆದರೆ ಮೊದಲ ಕರಡನ್ನು ಅವನು ಸುಟ್ಟುಹಾಕಿ ಮತ್ತೆ ಬರೆದನೆಂದು ಮಲಮಗ ನೆನೆದಿದ್ದಾನೆ. ಆ ಮತ್ತೆ ಬರೆದದ್ದೇ 1886ರಲ್ಲಿ ಪುಸ್ತಕವಾಯಿತು. ವಿಜಯಪುರದ ಕಡೆಯ ಹಲಸಂಗಿಯ ಮಧುರಚೆನ್ನರು ತಮ್ಮೊಳಗಿನ ಹುಡುಕಾಟವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಗದ್ಯದಲ್ಲಿ ಬರೆದಿಟ್ಟರು. ಅಷ್ಟು ಆಳದ ಅನುಭಾವವನ್ನು ಸ್ಪಷ್ಟವಾಗಿ ಹೇಳಲು ಅವರು ಪಟ್ಟ ಶ್ರಮ ನೋಡಿ. ತತ್ವಪದಗಳೂ ಹಾಗೆಯೇ: ಚಿತ್ರ ಎಷ್ಟೇ ವಿಚಿತ್ರವಿರಲಿ, ಲಯ ತಪ್ಪುವುದಿಲ್ಲ, ತಾಳಕ್ಕೆ ಕೂರದ ಶಬ್ದ ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಗೀಚಿದ್ದನ್ನು ಅಂದೇ ತಿದ್ದಬೇಡಿ. ಕೆಲವು ದಿನ ಬಿಟ್ಟು ತೆರೆದು, ನಿಮಗೆ ಮಾತ್ರ ತಿಳಿಯುವಂಥದ್ದು ಯಾವುದು, ಓದುವವರಿಗೂ ತಾಗುವುದು ಯಾವುದು ಎಂದು ಬೇರೆ ಮಾಡಿ. ಆಮೇಲೆ ಗಟ್ಟಿಯಾಗಿ ಒಬ್ಬರ ಮುಂದೆ ಓದಿ. ಅವರು ಎಲ್ಲಿ ಕಣ್ಣು ಬೇರೆ ಕಡೆ ಹೊರಳಿಸುತ್ತಾರೋ ಅಲ್ಲಿ ಕೆಲಸ ಬಾಕಿ ಇದೆ.

ಹಿರಿಯನಾಗಿ ಎರಡು ಎಚ್ಚರಿಕೆಯನ್ನೂ ಹೇಳಲೇಬೇಕು. ಕನಸಿನ ಸ್ಥಿತಿ ಬೇಕೆಂದು ಅಮಲಿನ ಬಾಗಿಲು ತಟ್ಟಬೇಡಿ. ‘ಕುಬ್ಲಾ ಖಾನ್’ ಕವಿತೆ ಬರೆದ ಕೋಲ್‌ರಿಜ್‌ನ ಹೆಸರು ಹೇಳಿ ಅಫೀಮನ್ನು ಹೊಗಳುವವರಿದ್ದಾರೆ. ಅದೇ ಚಟ ಅವನ ದೇಹವನ್ನೂ ಸಂಬಂಧಗಳನ್ನೂ ಹಾಳುಮಾಡಿತು ಎನ್ನುವುದನ್ನು ಅವರು ಹೇಳುವುದಿಲ್ಲ. ನಿದ್ದೆಗೆಡುವುದೂ ಬೇಡ. ಚೆನ್ನಾಗಿ ಮಲಗಿದವರಿಗೇ ಬೆಳಗಿನ ಜಾವದ ಉದ್ದನೆಯ ಕನಸು ಬೀಳುವುದು. ಎರಡನೆಯದು, ಒಂದೇ ಕೆಟ್ಟ ಕನಸು ಬಿಡದೆ ಕಾಡುತ್ತಿದ್ದರೆ, ಹಗಲೂ ಭಯ ಹಿಂಬಾಲಿಸುತ್ತಿದ್ದರೆ, ಅದನ್ನು ಕಥೆಗೆ ಸಾಮಗ್ರಿ ಎಂದು ಜೋಪಾನ ಮಾಡಬೇಡಿ. ಮನೆಯವರ ಹತ್ತಿರ ಹೇಳಿ, ವೈದ್ಯರನ್ನು ಕಾಣಿ. ನಿಮ್ಮ ಬರಹಕ್ಕಿಂತ ನೀವು ದೊಡ್ಡವರು.

ಇವತ್ತೇ ಒಂದು ನೋಟ್‌ಬುಕ್ ತಂದು ತಲೆದೆಸೆಗೆ ಇಡಿ. ಮೊದಮೊದಲು ಮೂರು ಶಬ್ದ ಸಿಕ್ಕರೆ ಹೆಚ್ಚು. ದಿನವೂ ಬರೆಯುತ್ತಾ ಹೋದರೆ ನೆನಪು ತಾನೇ ಪಳಗುತ್ತದೆ. ಅಲ್ಲಿ ಸಿಗುವುದು ಕಲಬುರಗಿಯ ಬಿಸಿಲು, ನಿಮ್ಮ ಓಣಿಯ ಮಾತು, ನಿಮ್ಮ ಅವ್ವ ಅಜ್ಜಿಯರ ಮುಖ. ಬೇರೆ ಯಾರೂ ಅದನ್ನು ನಿಮಗಾಗಿ ಬರೆಯಲಾರರು. ಶರಣಬಸವಪ್ಪ ನಿಮಗೆ ಕಣ್ತುಂಬ ನಿದ್ದೆ ಕೊಡಲಿ, ಎದ್ದ ಮೇಲೆ ಕೂತು ತಿದ್ದುವ ತಾಳ್ಮೆಯನ್ನೂ ಕೊಡಲಿ.