ನಿಂತುಹೋಗುವ ಗಾಡಿಯನ್ನು ನಿಂತಾಗಲೇ ಹಿಡಿ

ತಮ್ಮಾ, ಸ್ಟಾರ್ಟೇ ಆಗದ ಗಾಡಿ ಗ್ಯಾರೇಜಿಗೆ ಬಂದರೆ ಹೆದರಬೇಡ, ಅದರ ರೋಗ ಎದುರಿಗೇ ಇರುತ್ತದೆ. ಓಡುತ್ತಾ ಓಡುತ್ತಾ ತಟ್ಟನೆ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಮತ್ತೆ ಹೊರಡುವ ಗಾಡಿಯದ್ದೇ ಕಷ್ಟ. ನಿನ್ನ ಕೈಗೆ ಬಂದಾಗ ಅದು ಚೆನ್ನಾಗಿಯೇ ಓಡುತ್ತದೆ. ಆಗ ಅಂದಾಜಿನ ಮೇಲೆ ಪ್ಲಗ್ಗು, ಕಾಯಿಲು, ಪೆಟ್ರೋಲ್ ಪಂಪು ಅಂತ ಒಂದೊಂದೇ ಬದಲಿಸುತ್ತಾ ಹೋಗಬೇಡ. ಗಿರಾಕಿಯ ದುಡ್ಡೂ ಹೋಗುತ್ತದೆ, ನಿನ್ನ ಮೇಲಿನ ನಂಬಿಕೆಯೂ ಹೋಗುತ್ತದೆ.

ಬಾನೆಟ್ ಎತ್ತುವ ಮೊದಲು ಗಾಡಿ ಓಡಿಸುವವರನ್ನು ಕೂರಿಸಿಕೊಂಡು ಕೇಳು. ಎಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತದೋ, ತಣ್ಣಗಿದ್ದಾಗಲೋ? ಗುಂಡಿ ಹಾರಿದಾಗಲೋ, ಘಾಟಿ ಹತ್ತುವಾಗಲೋ? ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು? ಎಲ್ಲಕ್ಕಿಂತ ಮುಖ್ಯವಾಗಿ, ಸ್ವಿಚ್ ಒತ್ತಿ ದೀಪ ಆರಿಸಿದ ಹಾಗೆ ನಿಂತಿತೋ, ಜರ್ಕ್ ಹೊಡೆದು ಪಿಕಪ್ ಬಿಟ್ಟು ನಿಂತಿತೋ? ಮೊದಲನೆಯದಾದರೆ ಸಾಮಾನ್ಯವಾಗಿ ಕರೆಂಟಿನ ಕಡೆ ನೋಡು. ಎರಡನೆಯದಾದರೆ ಪೆಟ್ರೋಲಿನ ಕಡೆ.

ಆಮೇಲೆ ಜೊತೆಗೊಬ್ಬರನ್ನು ಕೂರಿಸಿಕೊಂಡು ಗಾಡಿಯನ್ನು ಅದು ನಿಲ್ಲುವ ದಾರಿಗೇ ಒಯ್ಯಿ. ನಿಂತ ಕ್ಷಣ ಆರ್‌ಪಿಎಂ ಮುಳ್ಳು ನೋಡಲು ಅವರಿಗೆ ಹೇಳಿರು. ಗಾಡಿ ಗೇರಿನಲ್ಲೇ ಇದ್ದು, ಕ್ಲಚ್ ಒತ್ತದೆ ಉರುಳುತ್ತಿದ್ದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗಲೂ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡು. ಗಾಡಿಯ ವೇಗದ ಜೊತೆಗೇ ಮೆಲ್ಲಗೆ ಇಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ, ಪಂಪು, ಫಿಲ್ಟರು ನೋಡು. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೇ ಹೋದರೆ ಬ್ಯಾಟರಿ ಟರ್ಮಿನಲ್ಲು, ಅರ್ಥ್ ವೈರು, ಇಗ್ನಿಷನ್ ಸ್ವಿಚ್ಚು.

ಕ್ರ್ಯಾಂಕ್ ಸೆನ್ಸರಿನ ಸ್ವಭಾವ ತಿಳಿದುಕೊ. ಅನೇಕ ಗಾಡಿಗಳಲ್ಲಿ ಅದರೊಳಗೆ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ. ಎಂಜಿನ್ ಕಾದಾಗ ಸವೆದ ಜಾಗದಲ್ಲಿ ತಂತಿ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ತಾಗುತ್ತದೆ. ಸಿಗ್ನಲ್ ಇಲ್ಲದಿದ್ದರೆ ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಗೊತ್ತಾಗುವುದಿಲ್ಲ, ಸ್ಪಾರ್ಕನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ಗಾಡಿ ನಿಂತಲ್ಲೇ, ಸ್ಟಾರ್ಟ್ ಆಗದಿರುವಾಗ, ಒದ್ದೆ ಬಟ್ಟೆಯಿಂದ ಸೆನ್ಸರನ್ನಷ್ಟೇ ತಣ್ಣಗೆ ಮಾಡು. ತಕ್ಷಣ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ ಅಂತ ಇದನ್ನು ಬಿಟ್ಟುಬಿಡಬೇಡ. ಇಂಥ ದೋಷ ಎಷ್ಟೋ ಸಲ ಕೋಡ್ ಬಿಡುವುದೇ ಇಲ್ಲ. ಸೆಲ್ಫ್ ಹೊಡೆಯುವಾಗ ಲೈವ್ ಡೇಟಾದಲ್ಲಿ ಆರ್‌ಪಿಎಂ ಬರುತ್ತದಾ ನೋಡು.

ಇಗ್ನಿಷನ್ ಸ್ವಿಚ್ಚನ್ನು ಹಗುರವಾಗಿ ಕಾಣಬೇಡ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇದೇ ಕಾರಣಕ್ಕೆ. ಕೀಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ತೆರೆಯುತ್ತಿರಲಿಲ್ಲ. 124 ಸಾವುಗಳಿಗೆ ಕಂಪನಿ ಪರಿಹಾರ ಕೊಡಬೇಕಾಯಿತು. ಎಂಜಿನ್ ಓಡುತ್ತಿರುವಾಗ ಕೀಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡು. ವೈರಿಂಗ್ ಕಪ್ಲರುಗಳನ್ನೂ ಹಾಗೆಯೇ ಅಲ್ಲಾಡಿಸು.

ಪೆಟ್ರೋಲಿನ ಅನುಮಾನವಿದ್ದರೆ ಪ್ರೆಶರ್ ಗೇಜ್ ಹಾಕಿ ನೋಡು. ಎಂಪಿಎಫ್‌ಐ ಗಾಡಿಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ, ಆ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಒಂದು ಮಾತು ಮಾತ್ರ ಮರೆಯಬೇಡ, ಗಿರಾಕಿಗೂ ಹೇಳಿ ಕಳಿಸು. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಉಳಿಯುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವುದಕ್ಕಷ್ಟೇ. ಪದೇ ಪದೇ ಒತ್ತದೆ ಒಂದೇ ಸಮ ಅದುಮಿ ಹಿಡಿಯಬೇಕು. ಸ್ಟಿಯರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಗಾಡಿ ಉರುಳುತ್ತಿರುವಾಗ ಕೀ ತೆಗೆದರೆ ಅದೂ ಲಾಕ್ ಆದೀತು. ಹಜಾರ್ಡ್ ಹಾಕಿಕೊಂಡು ಎಡಕ್ಕೆ ಸರಿಯಲಿ.

ದೋಷ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಹೇಳಿ ಇನ್ನೆರಡು ದಿನ ಗಾಡಿ ಇಟ್ಟುಕೊ. ಸಿಕ್ಕಿ ರಿಪೇರಿಯಾದರೆ, ಅದೇ ದಾರಿಯಲ್ಲಿ, ಅದೇ ಬಿಸಿಲಿನಲ್ಲಿ ಮತ್ತೊಮ್ಮೆ ಓಡಿಸಿ ನೋಡಿದ ಮೇಲೆ ಬಿಲ್ ಬರಿ.