ಆರು ತಿಂಗಳ ಕಂತು



ನಾನು ವೈದ್ಯನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ಪರಿಶೀಲಿಸುವಾಗ ನಾನು ಹಾಕಿದ ಒಂದು ತಪ್ಪು ಲೆಕ್ಕ ನನಗೆ ಕ್ಷಯರೋಗದ ಪಾಠ ಕಲಿಸಿತು.

ಕಳೆದ ವರ್ಷ ನಮ್ಮೂರ ಕಡೆಯ ಹುಡುಗನೊಬ್ಬ ಅರ್ಜಿ ಕೊಟ್ಟಿದ್ದ. ಇಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ, ಒಂದೇ ಕೋಣೆಯಲ್ಲಿ ಏಳು ಜನರ ವಾಸ. ಒಂದೇ ಬಾರಿಗೆ ಚೆಕ್ ಬರೆಸಿ ಕಡತ ಮುಚ್ಚಿದೆ. ಮೂರನೇ ತಿಂಗಳಲ್ಲಿ ಅವನು ಮಾತ್ರೆ ಬಿಟ್ಟು ಕೆಲಸಕ್ಕೆ ಹೋದ. ಕೆಮ್ಮು ಮರಳಿ ಬಂತು.

ಯಾಕೆ ಹೀಗಾಯಿತೆಂದು ವೈದ್ಯರನ್ನು ಕೇಳಿ ತಿಳಿದುಕೊಂಡೆ. ಕ್ಷಯದ ರೋಗಾಣುವನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಗುರುತಿಸಿದರು. ರೋಗಿ ಕೆಮ್ಮಿದಾಗ ಅದು ಸೂಕ್ಷ್ಮ ಹನಿಗಳಲ್ಲಿ ಹೊರಬಿದ್ದು, ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ತಟ್ಟೆ, ಲೋಟ, ಬಟ್ಟೆಗಳಿಂದ ಹರಡುವುದಿಲ್ಲ.

ಉಸಿರಿನೊಡನೆ ಒಳಹೋದ ರೋಗಾಣುವನ್ನು ಶ್ವಾಸಕೋಶದ ರಕ್ಷಣಾ ಕೋಶಗಳು ನುಂಗುತ್ತವೆ. ಆದರೆ ಅದು ಆ ಕೋಶದೊಳಗೇ ಬದುಕಬಲ್ಲದು. ಆಗ ದೇಹ ಅದರ ಸುತ್ತ ಗೋಡೆ ಕಟ್ಟುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಅದು ನಿಷ್ಕ್ರಿಯ ಖಾತೆ. ಖಾತೆ ಇದೆ, ವ್ಯವಹಾರವಿಲ್ಲ. ಸೋಂಕು ತಗಲಿದ ನೂರು ಜನರಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ರೋಗ ಕಾಣಿಸುತ್ತದೆ. ಊಟ ಸಾಲದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇರುವವರಲ್ಲಿ ಗೋಡೆ ಸಡಿಲವಾಗಿ ಆ ಖಾತೆ ಮತ್ತೆ ಚಾಲೂ ಆಗುವ ಸಂಭವ ಹೆಚ್ಚು. ಆಗ ಶ್ವಾಸಕೋಶದಲ್ಲಿ ಗುಳಿ ಬೀಳಬಹುದು. ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಶುರುವಾಗುತ್ತವೆ.

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು: ಎರಡು ತಿಂಗಳು ನಾಲ್ಕು ಔಷಧಿ, ಉಳಿದ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ರೋಗಿಗೆ ಗುಣವಾದಂತೆ ಅನಿಸುತ್ತದೆ. ಅಪಾಯವಿರುವುದು ಅಲ್ಲೇ. ನಿಧಾನವಾಗಿ ಬೆಳೆಯುವ ರೋಗಾಣುಗಳು ಒಳಗೆ ಉಳಿದಿರುತ್ತವೆ. ಕಂತು ತಪ್ಪಿಸಿದರೆ ಅವು ಮತ್ತೆ ಹೆಚ್ಚುತ್ತವೆ, ಔಷಧಿಗೆ ಬಗ್ಗದಂತೆಯೂ ಆಗಬಹುದು.

ಸರ್ಕಾರಿ ಕೇಂದ್ರಗಳಲ್ಲಿ ಕಫ ಪರೀಕ್ಷೆ, ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೂ ಸಹಾಯಧನವಿದೆ. ಹಾಗಾದರೆ ನಮ್ಮ ಹಣ ಯಾಕೆ? ಆ ಹುಡುಗ ಹೇಳಿದ್ದು ಇಷ್ಟೇ: "ಸರ್, ಊರಲ್ಲಿ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕಲ್ಲ?" ನನ್ನ ಚೆಕ್ ಎರಡು ತಿಂಗಳಿಗೆ ಕರಗಿತ್ತು. ರೋಗದ ಅವಧಿ ಆರು, ನೆರವಿನ ಅವಧಿ ಎರಡು, ಲೆಕ್ಕ ತಾಳೆಯಾಗುವುದೆಂತು?

ಪುಣ್ಯಕ್ಕೆ ಅವನ ರೋಗಾಣು ಇನ್ನೂ ಔಷಧಿಗೆ ಬಗ್ಗುತ್ತಿದೆ ಎಂದು ಪರೀಕ್ಷೆ ಹೇಳಿತು. ಹೊಸದಾಗಿ ಚಿಕಿತ್ಸೆ ಹಿಡಿದು ಈಗ ನಾಲ್ಕನೇ ತಿಂಗಳು. ಕೋಣೆಯ ಉಳಿದ ಆರು ಮಂದಿಯ ತಪಾಸಣೆಯೂ ಆಗಿದೆ.

ಆದ್ದರಿಂದ ನನ್ನ ವಿನಂತಿ ಎರಡು. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ನಿಧಿಗೆ ಕೊಡುವಾಗ, ಮೊತ್ತ ಚಿಕ್ಕದಾದರೂ ಸರಿ, ಆರು ತಿಂಗಳು ತಪ್ಪದೆ ಕೊಡುತ್ತೇನೆಂದು ಒಪ್ಪಿಕೊಳ್ಳಿ. ಮೊದಲ ಕಂತು ನನ್ನದು, ಈಗಾಗಲೇ ಜಮಾ ಆಗಿದೆ.